ಸ್ಲ್ಯಾಪ್ ನುಡಿಸಲು ಮಿತ ಬೆಲೆಯ ಬೇಸ್ ಗಿಟಾರ್ ಆರಿಸುವುದು ಹೇಗೆ?

ಸ್ಲ್ಯಾಪ್ ಶೈಲಿಯಲ್ಲಿ ಬೇಸ್ ಗಿಟಾರನ್ನು ಮೀಟುವುದಕ್ಕಿಂತ ಬಾರಿಸುವುದೇ ಹೆಚ್ಚು. ಹೆಬ್ಬೆರಳಿನ ಗೆಣ್ಣು ದಪ್ಪ ತಂತಿಗೆ ಬಡಿದು, ಅದನ್ನು ಫ್ರೆಟ್‌ಗೆ, ಅಂದರೆ ಸ್ವರಸ್ಥಾನದ ಲೋಹದ ಮೆಟ್ಟಿಗೆ, ತಾಗಿಸಿ, ಥಟ್ಟನೆ ಹಿಂದೆ ಸರಿಯುತ್ತದೆ. ತೋರುಬೆರಳು ತೆಳು ತಂತಿಯ ಕೆಳಗೆ ಕೊಕ್ಕೆಯ ಹಾಗೆ ನುಸುಳಿ ಅದನ್ನು ಎಳೆದು ಬಿಡುತ್ತದೆ. ಮೃದಂಗದ ಎಡ-ಬಲಗಳಂತೆ ಒಂದು ಗಂಭೀರವಾಗಿಯೂ ಇನ್ನೊಂದು ಚುರುಕಾಗಿಯೂ ಕೇಳುವ ಈ ಎರಡು ಪೆಟ್ಟುಗಳ ನಡುವಿನ ಮಾತುಕತೆಯೇ ಫಂಕ್ ಸಂಗೀತದ ನಡಿಗೆ.

ಈ ಶೈಲಿ ಹುಟ್ಟಿದ್ದು ದುಬಾರಿ ವಾದ್ಯದಿಂದ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಲ್ಯಾರಿ ಗ್ರಹಾಂ ತಮ್ಮ ತಾಯಿಯ ತಂಡದಲ್ಲಿ ಗಿಟಾರ್ ನುಡಿಸುತ್ತ, ಆರ್ಗನ್ನಿನ ಕಾಲುಮಣೆಗಳಿಂದ ಬೇಸ್ ಸ್ವರಗಳನ್ನು ಹೊರಡಿಸುತ್ತಿದ್ದರು. ಆರ್ಗನ್ ಕೆಟ್ಟುಹೋದಾಗ ಅವರು ಬಾಡಿಗೆಗೆ ಒಂದು ಬೇಸ್ ಗಿಟಾರ್ ತಂದರು. ಮುಂದೆ ತಂಡದಲ್ಲಿ ಡ್ರಮ್ಸ್ ನುಡಿಸುವವರೂ ಇಲ್ಲವಾದಾಗ, ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನ ಪೆಟ್ಟನ್ನು ಹೆಬ್ಬೆರಳಿಗೂ ಚುರುಕು ದನಿಯ ಸ್ನೇರ್ ಡ್ರಮ್ಮಿನ ಪೆಟ್ಟನ್ನು ತೋರುಬೆರಳಿಗೂ ಹಂಚಿದರು. ಅದೇ ಕೈವರಸೆ ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡದ ಮೂಲಕ ಆ ದಶಕದ ಕೊನೆಯ ಹೊತ್ತಿಗೆ ಲೋಕಕ್ಕೆಲ್ಲ ಗೊತ್ತಾಯಿತು. ಆದ್ದರಿಂದ ಕಡಿಮೆ ಬಜೆಟ್ ಇದೆ ಎಂದು ಹಿಂಜರಿಯಬೇಕಿಲ್ಲ. ಹಣವನ್ನು ಎಲ್ಲಿಗೆ ಹಾಕಬೇಕು ಎಂಬುದು ಮಾತ್ರ ಖಚಿತವಾಗಿ ಗೊತ್ತಿರಬೇಕು. ನನ್ನ ಮಟ್ಟಿಗೆ ಅದು ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು) ಮತ್ತು ಫ್ರೆಟ್‌ಗಳಿಗೆ ಹೋಗಬೇಕೇ ಹೊರತು ಬಣ್ಣಕ್ಕೂ ಅಲ್ಲ, ಹೆಚ್ಚುವರಿ ಗುಂಡಿಗಳಿಗೂ ಅಲ್ಲ.

ಅಂಗಡಿಗೆ ಹೋಗುವ ಮೊದಲೇ ಹಣವನ್ನು ಎರಡು ಪಾಲು ಮಾಡಿಕೊಳ್ಳಿ. ಕೈಯಲ್ಲಿ 25,000 ರೂಪಾಯಿ ಇದ್ದರೆ ಗಿಟಾರಿಗೆ 20,000ಕ್ಕಿಂತ ಹೆಚ್ಚು ಮೀಸಲಿಡಬೇಡಿ. ಉಳಿದದ್ದು ಹೊಸ ತಂತಿ, ಸೆಟಪ್ (ತಂತಿಯ ಎತ್ತರ, ನೆಕ್‌ನ ಬಾಗು ಹೊಂದಿಸುವ ಕೆಲಸ), ಕೇಬಲ್, ಹೆಗಲ ಪಟ್ಟಿ ಮತ್ತು ಹೆಡ್‌ಫೋನಿಗೆ ಬೇಕಾಗುತ್ತದೆ. ಪೂರ್ತಿ ಹಣವನ್ನು ಗಿಟಾರಿಗೇ ಸುರಿದು, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ನುಡಿಸುವವರಿಗಿಂತ, ಸಾಧಾರಣ ಗಿಟಾರನ್ನು ಸರಿಯಾಗಿ ಹೊಂದಿಸಿಕೊಂಡವರು ಬೇಗ ಕಲಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲ ಹೆಜ್ಜೆ: ಅಳತೆ

ಕಲಿಯುವವರಿಗೆ ನಾಲ್ಕು ತಂತಿಯ, 34 ಇಂಚು ಸ್ಕೇಲಿನ ಬೇಸ್ ಸಾಕು. ನೆಕ್‌ನ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ದೇಹದ ಮೇಲಿನ ಬ್ರಿಜ್‌ವರೆಗೆ ತಂತಿ ಕಂಪಿಸುವ ಉದ್ದವನ್ನೇ ಸ್ಕೇಲ್ ಎನ್ನುತ್ತಾರೆ. 30 ಇಂಚಿನ ಗಿಡ್ಡ ಬೇಸ್‌ಗಳು ಚಿಕ್ಕ ಕೈಗಳಿಗೆ ಹಿತವೇನೋ ಹೌದು, ಆದರೆ ಅವುಗಳ ತಂತಿ ಸಡಿಲವಾಗಿರುವುದರಿಂದ ಹೆಬ್ಬೆರಳಿನ ಪೆಟ್ಟು ಪುಟಿದು ಬರುವುದಿಲ್ಲ. ಬ್ರಿಜ್ ಬಳಿ ತಂತಿಯಿಂದ ತಂತಿಗೆ ಸುಮಾರು 19 ಮಿ.ಮೀ. ಅಂತರವಿದ್ದರೆ ತೋರುಬೆರಳು ಪಕ್ಕದ ತಂತಿಯನ್ನು ಕೆದಕದೆ ಒಳಗೆ ಹೋಗುತ್ತದೆ. ಅಗ್ಗದ ಐದು ತಂತಿಯ ಬೇಸ್‌ಗಳಲ್ಲಿ ಹಲವು ಈ ಅಂತರವನ್ನು ಕಿರಿದು ಮಾಡಿರುತ್ತವೆ.

1960ರಲ್ಲಿ ಫೆಂಡರ್ ಕಂಪನಿ ಹೊರತಂದ ಜಾಜ್ ಬೇಸ್ ಮಾದರಿಯ ನೆಕ್ ನಟ್ ಬಳಿ ಸುಮಾರು 38 ಮಿ.ಮೀ. ಅಗಲವಿರುತ್ತದೆ. ಅದೇ ಕಂಪನಿಯ ಪ್ರಿಸಿಷನ್ ಬೇಸ್ ಮಾದರಿ ಇದಕ್ಕಿಂತ ಅಗಲ. ಎಡಗೈಗೆ ಆರಾಮ ಬೇಕೆನ್ನುವವರು ಜಾಜ್ ಮಾದರಿಯ ನೆಕ್ ಹಿಡಿದು ನೋಡುವುದು ಒಳ್ಳೆಯದು.

ಎರಡನೆಯದು: ಬೆರಳಿಗೆ ಜಾಗ

ಮಾಹಿತಿ ಪತ್ರದಲ್ಲಿ ಬಹುಮಟ್ಟಿಗೆ ಕಾಣಿಸದ, ಆದರೆ ಸ್ಲ್ಯಾಪ್‌ಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ಹೆಬ್ಬೆರಳು ಬಡಿಯುವುದು ಕೊನೆಯ ಫ್ರೆಟ್‌ಗಳ ಆಸುಪಾಸಿನಲ್ಲಿ. ತೋರುಬೆರಳು ತಂತಿಯನ್ನು ಎಳೆಯುವುದು ಫ್ರೆಟ್‌ಗಳನ್ನು ಕೂರಿಸಿದ ಫಿಂಗರ್‌ಬೋರ್ಡ್ ಮುಗಿದ ಕೂಡಲೇ ಸಿಗುವ ಖಾಲಿ ಜಾಗದಲ್ಲಿ. ಆ ಜಾಗ ಮುಂದಿನ ಪಿಕಪ್‌ವರೆಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದವರೆಗೆ) ಎಷ್ಟಿದೆ ಎಂಬುದನ್ನು ಕಣ್ಣಿನಿಂದಲ್ಲ, ಬೆರಳಿನಿಂದಲೇ ಅಳೆಯಬೇಕು.

ನನ್ನ ಮೊದಲ ಬೇಸ್‌ನಲ್ಲಿ 24 ಫ್ರೆಟ್ ಇದ್ದವು, ಹೆಚ್ಚು ಫ್ರೆಟ್ ಇದ್ದರೆ ಹೆಚ್ಚು ಒಳ್ಳೆಯದು ಎಂದು ನಂಬಿ ಅದನ್ನು ಕೊಂಡಿದ್ದೆ. ಫಿಂಗರ್‌ಬೋರ್ಡ್ ಪಿಕಪ್‌ಗೆ ಬಹುತೇಕ ತಾಗುವಂತಿದ್ದುದರಿಂದ ಪ್ರತಿ ಸಲವೂ ಬೆರಳತುದಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಕುಟ್ಟಿ ಉಗುರಿನ ಬುಡ ಕೆಂಪಾಗುತ್ತಿತ್ತು. ದೋಷ ನನ್ನ ಕೈಯದು ಎಂದುಕೊಂಡು ತಿಂಗಳುಗಟ್ಟಲೆ ಬೆರಳಿನ ಕೋನವನ್ನು ಬದಲಿಸುತ್ತಿದ್ದೆ. ಒಂದು ದಿನ ಗೆಳೆಯನ 20 ಫ್ರೆಟ್‌ನ ಜಾಜ್ ಬೇಸ್ ಎತ್ತಿಕೊಂಡಾಗ, ಅದೇ ಬೆರಳು ಎಲ್ಲಿಯೂ ತಡೆಯಿಲ್ಲದೆ ತಂತಿಯ ಕೆಳಗೆ ಹೋಗಿ ಬಂದಿತು. 24 ಫ್ರೆಟ್‌ನ ಎಲ್ಲ ಬೇಸ್‌ಗಳೂ ಹೀಗಿರುತ್ತವೆ ಎಂದಲ್ಲ. ಪಿಕಪ್ಪಿನ ಎರಡೂ ಬದಿಯ ಸ್ಕ್ರೂ ತಿರುಗಿಸಿ ಅದನ್ನು ಕೊಂಚ ತಗ್ಗಿಸಿಯೂ ಜಾಗ ಮಾಡಿಕೊಳ್ಳಬಹುದು. ಆದರೂ ಕೊಳ್ಳುವ ಮುನ್ನ ತೋರುಬೆರಳನ್ನು ಅಲ್ಲಿ ತೂರಿಸಿ, ಹತ್ತು ಸಲ ಎಳೆದು ಬಿಟ್ಟು ನೋಡಿ.

ಮೂರನೆಯದು: ಆ್ಯಂಪ್ ಇಲ್ಲದೆ ಪರೀಕ್ಷೆ

ಅಂಗಡಿಯವರು ಒಡನೆಯೇ ಆ್ಯಂಪ್‌ಗೆ (ಧ್ವನಿವರ್ಧಕಕ್ಕೆ) ಜೋಡಿಸಿ ಕೊಡಲು ಬರುತ್ತಾರೆ. ಹತ್ತು ನಿಮಿಷ ಬೇಡವೆಂದು ವಿನಯದಿಂದ ಹೇಳಿ. ಗಿಟಾರಿನ ದೇಹಕ್ಕೆ ಕಿವಿ ಹತ್ತಿರವಿಟ್ಟು ನಾಲ್ಕೂ ತಂತಿಗಳಲ್ಲಿ, ಒಂದನೇ ಫ್ರೆಟ್‌ನಿಂದ ಕೊನೆಯದರವರೆಗೆ, ಒಂದೊಂದೇ ಸ್ವರವನ್ನು ಹದವಾಗಿ ಮೀಟಿ. ಯಾವುದಾದರೂ ಒಂದೇ ಜಾಗದಲ್ಲಿ ಸ್ವರ ಗರಗರ ಎಂದರೆ, ಅಥವಾ ಪಕ್ಕದ ಫ್ರೆಟ್‌ನದೇ ಸ್ವರ ಕೇಳಿದರೆ, ಅದರ ಮುಂದಿನ ಫ್ರೆಟ್ ಎದ್ದುಕೊಂಡಿದೆ ಎಂದು ಅರ್ಥ. ಸಾಮಾನ್ಯ ವಾದನದಲ್ಲಿ ಈ ದೋಷವನ್ನು ಸಹಿಸಬಹುದು. ಆದರೆ ತಂತಿಯನ್ನು ಫ್ರೆಟ್‌ಗೆ ಬಡಿಸಿಯೇ ನಾದ ಹೊರಡಿಸುವ ಸ್ಲ್ಯಾಪ್‌ನಲ್ಲಿ ಒಂದು ಎತ್ತರದ ಫ್ರೆಟ್ ಇಡೀ ಸಾಲನ್ನು ಕೆಡಿಸುತ್ತದೆ. ತೆಳುವಾದ ಜಿ ತಂತಿಯ ಐದರಿಂದ ಏಳನೇ ಫ್ರೆಟ್‌ವರೆಗಿನ ಭಾಗದಲ್ಲಿ ಸ್ವರ ಬೇಗ ಅಡಗುವುದು ಮಾತ್ರ ಅನೇಕ ಬೇಸ್‌ಗಳಲ್ಲಿ, ದುಬಾರಿ ಬೇಸ್‌ಗಳಲ್ಲೂ, ಕಾಣುವ ಗುಣ. ಅದೊಂದೇ ಕಾರಣಕ್ಕೆ ಗಿಟಾರನ್ನು ತಳ್ಳಿಹಾಕಬೇಕಿಲ್ಲ.

ಆಮೇಲೆ ನೆಕ್‌ನ ಬಾಗು ನೋಡಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್ ಬಳಿ, ಬಲಗೈಯಲ್ಲಿ ಕೊನೆಯ ಫ್ರೆಟ್ ಬಳಿ ಒಟ್ಟಿಗೆ ಒತ್ತಿ ಹಿಡಿಯಿರಿ. ಆಗ ತಂತಿಯೇ ನೇರವಾದ ಅಳತೆಪಟ್ಟಿ ಆಗುತ್ತದೆ. ಏಳನೇ ಅಥವಾ ಎಂಟನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಜಾರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇದ್ದರೆ ನೆಕ್ ಹದವಾಗಿದೆ. ಸಂದು ಹೆಚ್ಚೋ ಕಡಿಮೆಯೋ ಇದ್ದರೆ ನೆಕ್‌ನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಆದರೆ ತಂತಿ ಬಿಗಿಯುವ ಬಿರಡೆಗಳಿರುವ ಹೆಡ್‌ಸ್ಟಾಕ್ ಕಡೆಯಿಂದ ಒಂದೇ ಕಣ್ಣಿನಲ್ಲಿ ನೋಡಿದಾಗ ನೆಕ್ ಹಗ್ಗದಂತೆ ತಿರುಚಿಕೊಂಡಿರುವುದು ಕಂಡರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ. ಕೊನೆಗೆ ಅಂಗೈಯನ್ನು ನೆಕ್‌ನ ಅಂಚಿನುದ್ದಕ್ಕೂ ಸವರಿ; ಫ್ರೆಟ್ ತುದಿಗಳು ಮುಳ್ಳಿನಂತೆ ಚುಚ್ಚಿದರೆ ಅವುಗಳನ್ನು ಉಜ್ಜಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಒಂದೇ ಮಾದರಿಯ ಎರಡು ಗಿಟಾರ್ ಅಂಗಡಿಯಲ್ಲಿದ್ದರೆ ಎರಡನ್ನೂ ಹೀಗೆ ನೋಡಬೇಕು. ಈ ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಪಿಕಪ್ ಮತ್ತು ಬ್ಯಾಟರಿ

ಇನ್ನು ಆ್ಯಂಪ್‌ಗೆ ಜೋಡಿಸಬಹುದು. ಜಾಜ್ ಬೇಸ್ ಮಾದರಿಯಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಿದ್ದು, ಎರಡರ ವಾಲ್ಯೂಮನ್ನೂ ಪೂರ್ತಿ ತಿರುಗಿಸಿದಾಗ ನಡುವಿನ ಆವರ್ತನಗಳು ತಗ್ಗಿ, ಕೆಳಗಿನ ಗಾಂಭೀರ್ಯವೂ ಮೇಲಿನ ಚುರುಕೂ ಎದ್ದು ನಿಲ್ಲುತ್ತವೆ. ಸ್ಲ್ಯಾಪ್‌ಗೆ ಬೇಕಾದ ನಾದ ಇದೇ. 1977ರ ಜಾಜ್ ಬೇಸ್ ಹಿಡಿದ ಅಮೆರಿಕದ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ನಾದಕ್ಕೂ ಮೂಲ ಈ ಜೋಡಿ ಪಿಕಪ್. ಎರಡರಲ್ಲಿ ಒಂದನ್ನು ಮಾತ್ರ ತೆರೆದರೆ ಗುಂಯ್‌ಗುಡುವ ಸದ್ದು ಬರುವುದು ಸಹಜ. ಎರಡನ್ನೂ ತೆರೆದಾಗಲೂ ಅದು ನಿಲ್ಲದಿದ್ದರೆ ವೈರಿಂಗ್ ಪರೀಕ್ಷಿಸಿ ಎಂದು ಕೇಳಿ.

1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್ ಇನ್ನೊಂದು ದಾರಿ ತೋರಿಸಿತು: ಒಂದೇ ದೊಡ್ಡ ಹಂಬಕರ್ (ಜೋಡಿ ಸುರುಳಿಯ) ಪಿಕಪ್, ಜೊತೆಗೆ ನಾದವನ್ನು ಗಿಟಾರಿನೊಳಗೇ ಹಿಗ್ಗಿಸುವ, ಬ್ಯಾಟರಿಯಿಂದ ನಡೆಯುವ ಪ್ರೀಆ್ಯಂಪ್. ಬ್ರದರ್ಸ್ ಜಾನ್ಸನ್ ತಂಡದ ಲೂಯಿಸ್ ಜಾನ್ಸನ್ ಅದರಲ್ಲಿ ಸಿಡಿಲಿನಂಥ ಸ್ಲ್ಯಾಪ್ ನುಡಿಸಿದರು. ಇಂಥ ಆ್ಯಕ್ಟಿವ್ ಬೇಸ್‌ನಲ್ಲಿ 9 ವೋಲ್ಟ್ ಬ್ಯಾಟರಿ ಇರುತ್ತದೆ, ಕೇಬಲ್ ಚುಚ್ಚಿಟ್ಟರೆ ನುಡಿಸದಿದ್ದರೂ ಅದು ಖಾಲಿಯಾಗುತ್ತ ಹೋಗುತ್ತದೆ. ಕಡಿಮೆ ಬಜೆಟ್‌ನಲ್ಲಿ ನಾನು ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸ್‌ಗೇ ಮತ ಹಾಕುತ್ತೇನೆ. ಅಗ್ಗದ ಪ್ರೀಆ್ಯಂಪ್‌ಗೆ ಹೋಗುವ ಹಣ ಒಳ್ಳೆಯ ಫ್ರೆಟ್ ಕೆಲಸಕ್ಕೆ ಹೋದರೆ ಲಾಭ ಹೆಚ್ಚು.

ಮಾದರಿಗಳ ಹೆಸರು ಹೇಳುವುದಾದರೆ, ಸ್ಕ್ವೈಯರ್ ಅಫಿನಿಟಿ ಜಾಜ್ ಬೇಸ್ ನನ್ನ ಮೊದಲ ಆಯ್ಕೆ, ಏಕೆಂದರೆ 20 ಫ್ರೆಟ್ ಮತ್ತು ಜೋಡಿ ಪಿಕಪ್ ಎರಡೂ ಅದರಲ್ಲಿವೆ. ಯಮಹಾ ಟಿಆರ್‌ಬಿಎಕ್ಸ್ 174 ಗಟ್ಟಿಮುಟ್ಟಾದದ್ದು, ಆದರೆ 24 ಫ್ರೆಟ್ ಇರುವುದರಿಂದ ಬೆರಳಿನ ಜಾಗವನ್ನು ಮರೆಯದೆ ಪರೀಕ್ಷಿಸಿ. ಐಬನೀಜ್ ಜಿಎಸ್‌ಆರ್ 200 ತೆಳು ನೆಕ್‌ನದು, ಅದರ ಬೇಸ್ ಬೂಸ್ಟ್‌ಗೆ (ಕೆಳಸ್ವರ ಹೆಚ್ಚಿಸುವ ಗುಂಡಿಗೆ) ಬ್ಯಾಟರಿ ಬೇಕು. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರು ಮಾರ್ಕಸ್ ಮಿಲ್ಲರ್ ಹೆಸರಿನ ಸೈರ್ ಬೇಸ್‌ಗಳನ್ನೂ ನೋಡಬಹುದು. ಗಣೇಶೋತ್ಸವದ ರಸಮಂಜರಿ ವಾದ್ಯವೃಂದಗಳಲ್ಲಿ ನುಡಿಸಿದವರ ಬಳಿ, ಚರ್ಚ್ ತಂಡಗಳವರ ಬಳಿ ಹಳೆಯ ಬೇಸ್ ಸಿಗುವುದುಂಟು. ಹಳೆಯದನ್ನು ಕೊಳ್ಳುವಾಗ ಟ್ರಸ್ ರಾಡ್ ತುದಿಯ ತಿರುಪು ಸವೆದಿಲ್ಲವೇ, ತಿರುಗುತ್ತದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ತಂತಿ ಮತ್ತು ಸೆಟಪ್

ಹೊಸ ಗಿಟಾರಿಗೂ ಹೊಸ ತಂತಿ ಬೇಕು. ಅಂಗಡಿಯಲ್ಲಿ ತಿಂಗಳುಗಟ್ಟಲೆ ತೂಗಿದ ತಂತಿ ಮಂಕಾಗಿರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ರೌಂಡ್‌ವೂಂಡ್ (ಮೇಲೆ ದುಂಡನೆಯ ಎಳೆ ಸುತ್ತಿದ) ತಂತಿ ಹೊಳಪಿನ ನಾದ ಕೊಡುತ್ತದೆ, ನಿಕ್ಕಲ್ ತುಸು ಮೃದು. ನುಣುಪಾದ ಫ್ಲ್ಯಾಟ್‌ವೂಂಡ್ ಬೇರೆ ಸಂಗೀತಕ್ಕೆ ಚೆಂದ, ಸ್ಲ್ಯಾಪ್‌ಗೆ ಬೇಡ. ಸಾಮಾನ್ಯ 45-105 ಅಳತೆಯ (ತೆಳು ತಂತಿಯಿಂದ ದಪ್ಪ ತಂತಿಯವರೆಗಿನ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಬದಲು 40-95 ಅಥವಾ 40-100 ಹಾಕಿದರೆ ತೋರುಬೆರಳಿಗೆ ಶ್ರಮ ಕಡಿಮೆ. ತೆಳು ತಂತಿಯ ಎಳೆತ ಕಡಿಮೆಯಾದ್ದರಿಂದ ನೆಕ್‌ನ ಬಾಗು ಬದಲಾಗುತ್ತದೆ, ಹೀಗಾಗಿ ತಂತಿ ಬದಲಿಸಿದ ಮೇಲೆಯೇ ಸೆಟಪ್ ಮಾಡಿಸಬೇಕು.

ವೀಣೆಗೆ ಮೇಣದಲ್ಲಿ ಮೆಟ್ಟುಗಳನ್ನು ಕೂರಿಸಿ ಮೇಳ ಕಟ್ಟಿಸುವುದು ನಮಗೆ ಹೊಸದಲ್ಲ. ಬೇಸ್ ಗಿಟಾರಿನ ಸೆಟಪ್ ಕೂಡ ಅಂಥದ್ದೇ ಆರೈಕೆ. ಸ್ಲ್ಯಾಪ್‌ಗೆ ಹನ್ನೆರಡನೇ ಫ್ರೆಟ್ ಬಳಿ ಇ ತಂತಿಯ ಎತ್ತರ ಸುಮಾರು 2 ಮಿ.ಮೀ. ಇರಲಿ ಎಂದು ಕೇಳಿ. ಮಂಗಳೂರು, ಉಡುಪಿಯ ಕಡೆಯವರು ಮಳೆಗಾಲ ಹಿಡಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೆಕ್ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಮರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ.

ಮನೆಯಲ್ಲಿ ಕೇಳಿಸಿಕೊಳ್ಳಲು ದೊಡ್ಡ ಆ್ಯಂಪ್ ಬೇಕಿಲ್ಲ, ಒಳ್ಳೆಯ ಹೆಡ್‌ಫೋನ್ ಮತ್ತು ಹೆಡ್‌ಫೋನ್ ಆ್ಯಂಪ್ ಸಾಕು. ಫ್ರೆಟ್ ಒತ್ತದೆ ಬಿಟ್ಟ ಇ ತಂತಿಯ ಮೂಲ ಆವರ್ತನ 41 ಹರ್ಟ್ಸ್, ಅದನ್ನು ಫೋನಿನ ಪುಟ್ಟ ಸ್ಪೀಕರ್ ಕೇಳಿಸಲಾರದು. ಲೀಡ್ ಗಿಟಾರಿನ ಆ್ಯಂಪ್‌ನಲ್ಲಿ ಜೋರಾಗಿ ಬೇಸ್ ನುಡಿಸಿದರೆ ಅದರ ಸ್ಪೀಕರ್ ಹಾಳಾಗುವ ಅಪಾಯವಿದೆ.

ಸೆಟಪ್ ಮುಗಿದು ಗಿಟಾರ್ ಮನೆಗೆ ಬಂದ ದಿನ ಹೆಬ್ಬೆರಳಿನಿಂದ ಫ್ರೆಟ್ ಒತ್ತದ ಇ ತಂತಿಯನ್ನು ಬಡಿಯಿರಿ, ಕೂಡಲೇ ಜಿ ತಂತಿಯ ಪಕ್ಕದ ಡಿ ತಂತಿಯ ಎರಡನೇ ಫ್ರೆಟ್ ಒತ್ತಿ ತೋರುಬೆರಳಿನಿಂದ ಎಳೆದು ಬಿಡಿ. ಒಂದೇ ಸ್ವರ, ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಎಳೆದ ಸ್ವರ ಹೆಬ್ಬೆರಳಿನದಕ್ಕಿಂತ ತುಂಬಾ ಜೋರಾಗಿದ್ದರೆ ಪಿಕಪ್‌ಗಳ ತೆಳು ತಂತಿಯ ಬದಿಯ ಸ್ಕ್ರೂವನ್ನು ಅರ್ಧ ಸುತ್ತು ತಗ್ಗಿಸಿ ಮತ್ತೆ ನುಡಿಸಿ, ಎರಡೂ ಸಮ ತೂಗುವವರೆಗೆ ಅರ್ಧರ್ಧ ಸುತ್ತಾಗಿ ಮುಂದುವರಿಸಿ.