ಮಾಲು ಹಿಂದಕ್ಕೆ ತರಿಸುವುದು ತಪ್ಪೊಪ್ಪಿಗೆಯಲ್ಲ: ನನ್ನ ಅನುಭವ

"ಮಾಲು ವಾಪಸ್ ತರಿಸಿದರೆ ನೀವೇ ತಪ್ಪು ಒಪ್ಪಿಕೊಂಡ ಹಾಗೆ" ಎಂದು ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಎಲ್ಲರೂ ಹೇಳಿದರು. ನಮ್ಮ ಆಡಿಟರ್ ಕೂಡ ಅದನ್ನೇ ಹೇಳಿದರು. ನಾನು ತರಿಸಿದೆ. ನಮ್ಮ ಬೆಲ್ಲದ ಪುಡಿ ಕಂಪನಿಯ ಪರವಾನಗಿ ಉಳಿದಿದೆ, ನಿರ್ದೇಶಕರಲ್ಲಿ ಒಬ್ಬರೂ ಕಟಕಟೆ ಹತ್ತಲಿಲ್ಲ. ಅದನ್ನು ಮಾಡಿದ್ದು ಹೇಗೆ ಎಂದು ಬರೆಯುತ್ತಿದ್ದೇನೆ.

ನಮ್ಮ ಬೆಲ್ಲದ ಪುಡಿಯನ್ನು ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ ಎಂದು ಮೈಸೂರಿನ ಗ್ರಾಹಕರೊಬ್ಬರು ವಿಡಿಯೊ ಹರಿಬಿಟ್ಟರು. ಮಾನನಷ್ಟದ ನೋಟಿಸ್ ಕೊಡಿ ಎಂದವರಿದ್ದರು. ಕೊಡಲಿಲ್ಲ. ವಿನಯವಾಗಿ ಬ್ಯಾಚ್ ಸಂಖ್ಯೆ ಕೇಳಿ ಪಡೆದೆ. ಆ ಬ್ಯಾಚ್ ನಲವತ್ತು ಕ್ವಿಂಟಾಲ್ ಆಸುಪಾಸು ಇತ್ತು.

ಎರಡು ಮೂರು ದಿನಗಳಲ್ಲಿ ಆಹಾರ ಸುರಕ್ಷತಾಧಿಕಾರಿ ಮಾದರಿ ತೆಗೆಯಲು ಬಂದರು. ನಮ್ಮವರಲ್ಲಿ ಬಹಳಷ್ಟು ಜನ ಈ ಹೊತ್ತಿನಲ್ಲಿ ಸಹಿ ಹಾಕಿ, ಕಾಫಿ ಕೊಟ್ಟು ಕಳುಹಿಸುತ್ತಾರೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ಕಲಂ 47ರ ಪ್ರಕಾರ ಮಾದರಿ ನಾಲ್ಕು ಭಾಗವಾಗುತ್ತದೆ. ಕೇಳಿದರೆ ಮಾತ್ರ ಒಂದು ಭಾಗ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ, ನಮ್ಮ ಖರ್ಚಿನಲ್ಲಿ, ಹೋಗುತ್ತದೆ. ಅಲ್ಲೇ ಬರೆದುಕೊಟ್ಟೆ. ಹತ್ತು ಸಾವಿರದಷ್ಟು ಖರ್ಚಾಯಿತು. ನನ್ನ ಕೇಸು ಗೆದ್ದದ್ದು ಆ ಹಣದಿಂದ.

ಆಹಾರ ವಿಶ್ಲೇಷಕರ ವರದಿ ಕೃತಕ ಬಣ್ಣವಿದೆ, ಆಹಾರ ಅಸುರಕ್ಷಿತ ಎಂದಿತು. ಅಂದರೆ ಕಲಂ 59, ಜೈಲಿನ ಮಾತು. ನಮ್ಮ ಭಾಗದ ವರದಿಯಲ್ಲಿ ಬಣ್ಣವೇ ಇರಲಿಲ್ಲ. ಎರಡು ವರದಿ ಬೇರೆಯಾದರೆ ಮೂರನೆಯ ಪರೀಕ್ಷೆ ರೆಫರಲ್ ಪ್ರಯೋಗಾಲಯದಲ್ಲಿ, ಅದೇ ಅಂತಿಮ. ತಾನಾಗಿ ಹೋಗುತ್ತದೆ ಎಂದು ನಾನು ಕೂರಲಿಲ್ಲ. ಮೂವತ್ತು ದಿನದೊಳಗೆ ಅಂಕಿತಾಧಿಕಾರಿಗೆ, ಅಂದರೆ ಆಹಾರ ಸುರಕ್ಷತಾಧಿಕಾರಿಯ ಮೇಲಿನ ಅಧಿಕಾರಿಗೆ, ಮೇಲ್ಮನವಿಯನ್ನೂ ಸಲ್ಲಿಸಿದೆ. ಮಾದರಿ ಅಂಥ ರೆಫರಲ್ ಪ್ರಯೋಗಾಲಯವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಹೋಯಿತು. ಬಣ್ಣವಿಲ್ಲ ಎಂದು ವರದಿ ಬಂತು. ತೇವಾಂಶ ಮಾತ್ರ ಶೇ 10ರ ಮಿತಿಯನ್ನು ಸ್ವಲ್ಪ ಮೀರಿತ್ತು. ಹಾಗಾಗಿ ವಿಷಯ ಕಲಂ 51ಕ್ಕೆ, ಕಳಪೆ ಗುಣಮಟ್ಟಕ್ಕೆ, ಇಳಿಯಿತು. ಅಲ್ಲಿ ಐದು ಲಕ್ಷದವರೆಗೆ ದಂಡವಿದೆ; ನಮಗೆ ಬಿದ್ದದ್ದು ಇಪ್ಪತ್ತು ಸಾವಿರದಷ್ಟು.

ಇನ್ನು ಮಾಲು ಹಿಂತೆಗೆತ. ಮಾಲು ಕಾಯ್ದೆಗೆ ಹೊಂದುವುದಿಲ್ಲ ಎಂಬ ಅನುಮಾನಕ್ಕೆ ಕಾರಣವಿದ್ದರೆ ಹಿಂತೆಗೆಯಲೇಬೇಕು ಎನ್ನುತ್ತದೆ ಕಲಂ 28. ಸುಮ್ಮನಿರುವುದೇ ಅಪರಾಧವಾಗಬಹುದು. ಮೊದಲು ಫೋನ್ ಮಾಡಿಸಿದೆವು. ಅಂಗಡಿಯವರು ಆಯಿತು ಎಂದರು, ಮಾರುತ್ತಲೇ ಇದ್ದರು. ಆಮೇಲೆ ಪತ್ರ ಕಳುಹಿಸಿದೆವು, ಮೂಲೆ ಸೇರಿತು. ಕೊನೆಗೆ ಗಾಡಿಯ ಜೊತೆಗೇ ಕ್ರೆಡಿಟ್ ನೋಟ್ (ವಾಪಸ್ ಮಾಲಿನ ಹಣವನ್ನು ಅಂಗಡಿಯ ಲೆಕ್ಕಕ್ಕೆ ಜಮಾ ಮಾಡುವ ಚೀಟಿ) ಕಳುಹಿಸಿದಾಗ ಮೂಟೆಗಳು ಬಂದವು. ಸುಮಾರು ಇಪ್ಪತ್ತೆಂಟು ಕ್ವಿಂಟಾಲ್ ಸಿಕ್ಕಿತು. ಪತ್ರದಲ್ಲಿ "ದೂರು ಬಂದಿದೆ, ಪರೀಕ್ಷೆ ನಡೆಯುತ್ತಿದೆ, ಮುನ್ನೆಚ್ಚರಿಕೆಗಾಗಿ ಮಾರಾಟ ನಿಲ್ಲಿಸಿ" ಎಂದಷ್ಟೇ ಇತ್ತು. ಕ್ಷಮೆಯೂ ಇಲ್ಲ, ನಿರಾಕರಣೆಯೂ ಇಲ್ಲ. ತಮ್ಮ ಅನುಮತಿಯಿಲ್ಲದೆ ನಾವು ಹೊಣೆ ಒಪ್ಪಿಕೊಳ್ಳಬಾರದು ಎಂಬುದು ವಿಮೆಯವರ ಷರತ್ತು. ಆ ವಿಮೆ ಹಿಂತೆಗೆತದ ಖರ್ಚನ್ನು ಕೊಡಲಿಲ್ಲ. ಮಾಲು, ಬಾಡಿಗೆ, ವಕೀಲರು ಸೇರಿ ಮೂರು ಲಕ್ಷ ದಾಟಿತು. ನಿಮ್ಮ ಪಾಲಿಸಿಯ ಆ ಪುಟವನ್ನು ಇವತ್ತೇ ಓದಿ.

ವಿಡಿಯೊ ಬಂದ ದಿನವೇ ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಊಹೆಗಳನ್ನು ನಿಲ್ಲಿಸಿದೆ, ಆದರೆ ಒಂದು ಸಂದೇಶವನ್ನೂ ಅಳಿಸಲು ಬಿಡಲಿಲ್ಲ. ಸಾಕ್ಷ್ಯ ನಾಶ ಇನ್ನೊಂದು ಕೇಸು. ಕಾರಣ ಹುಡುಕುವ ಮಾತೆಲ್ಲ ವಕೀಲರ ಮೂಲಕವೇ ನಡೆಯಿತು. ವಕೀಲರೊಂದಿಗಿನ ಮಾತುಕತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132 ರಕ್ಷಣೆ ಕೊಡುತ್ತದೆ, ಗುಂಪಿನ ಹರಟೆಗೆ ಕೊಡುವುದಿಲ್ಲ. ಸಿಸಿಟಿವಿ ದೃಶ್ಯಕ್ಕೆ, ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾದ ಅದೇ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನೂ ಸಿದ್ಧವಾಗಿಟ್ಟುಕೊಂಡೆ. ಆಹಾರ ಸುರಕ್ಷತೆ ಕಾಯ್ದೆಯ ಕಲಂ 66ರಂತೆ ಹೊಣೆಗಾರರನ್ನು ನಾವು ಮೊದಲೇ ನಾಮನಿರ್ದೇಶನ ಮಾಡಿದ್ದೆವು. ಅದಿಲ್ಲದಿದ್ದರೆ ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದ ಎಲ್ಲರ ತಲೆಗೂ ಬರುತ್ತಿತ್ತು.

ತೇವಾಂಶದ ಗುಟ್ಟು ತಿಳಿಯಲು ಒಂದೇ ಪುಡಿಯನ್ನು ಪ್ಲಾಸ್ಟಿಕ್ ಪೊಟ್ಟಣ, ಪದರದ ಚೀಲ, ಗಾಜಿನ ಜಾಡಿಗಳಲ್ಲಿ ಮಳೆಗಾಲವಿಡೀ ಇಟ್ಟು ನೋಡಿದೆ. ತೆಳು ಪೊಟ್ಟಣದ್ದು ಗಂಟು ಕಟ್ಟಿತು, ಜಾಡಿಯದು ಉದುರುದುರಾಗಿಯೇ ಉಳಿಯಿತು. ಈಗ ಪ್ರತಿ ಬ್ಯಾಚಿನಿಂದ ನಾವೇ ತೆಗೆದಿಡುವ ಮಾದರಿ ಜಾಡಿಯಲ್ಲಿರುತ್ತದೆ. ಯಾವ ಆಲೆಮನೆಯ ಯಾವ ಕೊಪ್ಪರಿಗೆಯ ಬೆಲ್ಲ ಎಂದು ಬ್ಯಾಚ್ ಸಂಖ್ಯೆಯಲ್ಲೇ ಗೊತ್ತಾಗುವ ಸಂಕೇತವೂ ನಮ್ಮಲ್ಲಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಕಳೆದ ಬಾರಿ ಹಿಂತೆಗೆತದ ಅಣಕು ಅಭ್ಯಾಸ ಮಾಡಿದಾಗ ಒಂದು ಬ್ಯಾಚ್ ಹೋದ ಅಂಗಡಿಗಳೆಲ್ಲದರ ಪಟ್ಟಿ ಮೂರು ಗಂಟೆಯೊಳಗೆ ಕೈಗೆ ಬಂತು.