ಮನೆಗೆ ಕೂಡಿಟ್ಟ ದುಡ್ಡು ಅಲ್ಲಿಯವರೆಗೆ ಎಲ್ಲಿರಬೇಕು?

ಇನ್ನಾರು ತಿಂಗಳಲ್ಲೋ ಎರಡು ವರ್ಷದಲ್ಲೋ ಮನೆ ಕೊಳ್ಳುವ ಯೋಚನೆ ಇದೆ, ಕೈಯಿಂದ ಹಾಕಬೇಕಾದ ದುಡ್ಡು ಸ್ವಲ್ಪ ಕೂಡಿದೆ, ಇನ್ನೂ ಸ್ವಲ್ಪ ಕೂಡಬೇಕು. ಆಗ ಎಲ್ಲರೂ ಮೊದಲು ಕೇಳುವುದು, ಬಡ್ಡಿ ಎಲ್ಲಿ ಜಾಸ್ತಿ ಅಂತ. ನಾನು ಮೊದಲು ಕೇಳುವುದು ಬೇರೆ. ದುಡ್ಡು ಯಾವತ್ತು ಬೇಕು? ಅವತ್ತು ಪೂರ್ತಿ ಒಟ್ಟಿಗೆ ಕೈಗೆ ಸಿಗುತ್ತದಾ?

ಬಡ್ಡಿಯ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡಿ. ತಿಂಗಳಿಗೆ 1,000ದಂತೆ ಒಂದು ವರ್ಷ ಕಟ್ಟಿದರೆ 12,000 ಆಗುತ್ತದೆ. ಶೇ 4ರ ಖಾತೆಯಲ್ಲಿ ಅದಕ್ಕೆ ಸುಮಾರು 260 ಬಡ್ಡಿ, ಶೇ 6ರಲ್ಲಿ 390. ವ್ಯತ್ಯಾಸ ಬರೀ 130. ಮೊದಲ ಕಂತಿಗೆ ಮಾತ್ರ ಹನ್ನೆರಡು ತಿಂಗಳ ಬಡ್ಡಿ, ಕೊನೆಯ ಕಂತಿಗೆ ಒಂದೇ ತಿಂಗಳದ್ದು, ಅದಕ್ಕೇ ಇಷ್ಟು ಕಡಿಮೆ. ತಿಂಗಳಿಗೆ 11 ಹೆಚ್ಚಿಗೆ ಹಾಕಿದರೂ ಅಷ್ಟೇ ಆಯಿತಲ್ವಾ? ದೊಡ್ಡ ಮೊತ್ತ ಈಗಾಗಲೇ ಕೈಯಲ್ಲಿ ಇರುವವರು ಮಾತ್ರ ದರಕ್ಕಾಗಿ ತಲೆ ಕೆಡಿಸಿಕೊಂಡರೆ ಸಾಕು.

ಅಂಥವರಿಗೆ ಎಫ್‌ಡಿ ಆಸೆ ಹುಟ್ಟಿಸುತ್ತದೆ. ತಪ್ಪಿಲ್ಲ, ಆದರೆ ಮಧ್ಯದಲ್ಲಿ ಮುರಿಸಿದರೆ ಏನಾಗುತ್ತದೆ ಅಂತ ಮೊದಲೇ ಕೇಳಿ. ಸಾಮಾನ್ಯವಾಗಿ, ದುಡ್ಡು ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ ಇದ್ದ ದರ ಹಿಡಿದು, ಅದರಲ್ಲೂ ದಂಡ ಕಳೆದು ಕೊಡುತ್ತಾರೆ. ಒಂದು ವರ್ಷಕ್ಕೆ ಶೇ 7 ಅಂತ ಇಟ್ಟಿರಿ ಅನ್ನೋಣ. ಆರು ತಿಂಗಳಿಗೇ ಮುರಿಸಿದಿರಿ. ಆರು ತಿಂಗಳ ದರ ಶೇ 5.5, ದಂಡ ಶೇ 1 ಇದ್ದರೆ ಉಳಿಯುವುದು ಶೇ 4.5. ನೂರಕ್ಕೆ 3.50 ಬರುತ್ತದೆ ಅಂದುಕೊಂಡಿದ್ದಲ್ಲಿ ಬಂದಿದ್ದು 2.25. ಶೇ 4ರ ಉಳಿತಾಯ ಖಾತೆಯಲ್ಲಿ ಸುಮ್ನೆ ಬಿದ್ದಿದ್ದರೂ 2 ಬರುತ್ತಿತ್ತು! ಅಂದರೆ ಮುರಿಸಿದರೆ ಮುಳುಗಿಹೋಗುವುದೇನಿಲ್ಲ, ಆಸೆಪಟ್ಟಷ್ಟು ಸಿಗುವುದಿಲ್ಲ ಅಷ್ಟೇ. ಅವಧಿಗೆ ಮುಂಚೆ ಮುರಿಸಲು ಬಿಡದ ಎಫ್‌ಡಿಗಳೂ ಇವೆ, ಅವುಗಳ ಹತ್ತಿರ ಹೋಗಲೇಬೇಡಿ. ಇಡುವುದಾದರೆ ಒಂದೇ ದೊಡ್ಡ ಎಫ್‌ಡಿ ಬೇಡ, ನಾಲ್ಕೈದು ಚಿಕ್ಕವು ಮಾಡಿ. ಅಡ್ವಾನ್ಸ್‌ಗೆ ಒಂದನ್ನು ಮುರಿಸಿದರೆ ಉಳಿದವು ಹಾಗೇ ಇರುತ್ತವೆ.

ಜಾಹೀರಾತಿನ ದೊಡ್ಡ ಅಂಕಿ ನೋಡಿ ಖಾತೆ ತೆರೆಯಬೇಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಆ ದರ ಮೊದಲ ಮೂರು ತಿಂಗಳಿಗೆ ಮಾತ್ರವೇ? ಇಷ್ಟು ಮೊತ್ತ ದಾಟಿದ ಮೇಲಿನ ದುಡ್ಡಿಗೆ ಮಾತ್ರವೇ? ಮಿನಿಮಮ್ ಬ್ಯಾಲೆನ್ಸ್ ಎಷ್ಟು? ಬಡ್ಡಿಗೆ ತೆರಿಗೆ ಬೀಳುವುದಾದರೆ ಅದನ್ನು ಕಳೆದ ಮೇಲೆಯೇ ಹೋಲಿಸಬೇಕು. ಬ್ಯಾಂಕ್ ಮುಳುಗಿದರೆ ನಮ್ಮ ದುಡ್ಡು ವಾಪಸ್ ಕೊಡುವ ಠೇವಣಿ ವಿಮೆಗೂ ಒಂದು ಮಿತಿ ಇರುತ್ತದೆ. ನಿಮ್ಮ ಮೊತ್ತ ಅದನ್ನು ದಾಟಿದರೆ ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿ ಇಡಿ, ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿ ಇಟ್ಟರೆ ಉಪಯೋಗವಿಲ್ಲ.

ಷೇರು, ಮ್ಯೂಚುವಲ್ ಫಂಡ್ ಅಂತ ಯಾರಾದರೂ ಹೇಳುತ್ತಾರೆ. ಎರಡೇ ವರ್ಷದಲ್ಲಿ ಬೇಕಾಗುವ ದುಡ್ಡಿಗೆ ಅದು ಬೇಡ.

ಇನ್ನು ಯಾರೂ ಕೇಳದ ಪ್ರಶ್ನೆ, ಒಂದು ದಿನಕ್ಕೆ ಎಷ್ಟು ಕಳಿಸಬಹುದು? ಆನ್‌ಲೈನ್‌ನಲ್ಲಿ ದಿನದ ಮಿತಿ ಇರುತ್ತದೆ, ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಇನ್ನೂ ಕಡಿಮೆ ಇರಬಹುದು. ನನಗೆ ಇದು ಗೊತ್ತಾಗಿದ್ದು ಅಡ್ವಾನ್ಸ್ ಕೊಡುವ ದಿನ, ಮನೆ ಮಾರುವವರು ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದಾಗ. ಜಂಟಿ ಖಾತೆಯಾದರೆ ಇಬ್ಬರ ಸಹಿಯೂ ಬೇಕಾ, ಒಬ್ಬರದು ಸಾಕಾ ಅನ್ನುವುದನ್ನೂ ಖಾತೆ ತೆರೆಯುವಾಗಲೇ ತೀರ್ಮಾನಿಸಿ.

ಸಾಲ ತೆಗೆದುಕೊಳ್ಳುವವರಾದರೆ ಇನ್ನೊಂದು ಮಾತು. ಸಾಲ ಕೊಡುವವರು ಕಳೆದ ಕೆಲವು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ಕಾಲು ಪರ್ಸೆಂಟ್ ಬಡ್ಡಿಗಾಗಿ ದುಡ್ಡನ್ನು ಅಲ್ಲಿಂದಿಲ್ಲಿಗೆ ಓಡಾಡಿಸಿದ್ದರೆ ಪ್ರತಿಯೊಂದಕ್ಕೂ ಇದು ಎಲ್ಲಿಂದ ಬಂತು ಅಂತ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. ಅರ್ಜಿ ಹಾಕುವ ಮೂರ್ನಾಲ್ಕು ತಿಂಗಳು ಮುಂಚೆಯೇ ಎಲ್ಲಿಡಬೇಕೋ ಅಲ್ಲಿ ತಂದಿಟ್ಟು, ಆಮೇಲೆ ಅಲುಗಾಡಿಸಬೇಡಿ.