ಚಳಿಗೆ ಗಟ್ಟಿಯಾದ ಎಣ್ಣೆಯಿಂದ ಶುರು: ಕಣಗಳ ಓಡಾಟವನ್ನು ಮನೆಯಲ್ಲೇ ನೋಡುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಬಂತೆಂದರೆ ಬಚ್ಚಲುಮನೆ ಕಿಟಕಿಯಲ್ಲಿಟ್ಟ ಕೊಬ್ಬರಿ ಎಣ್ಣೆ ಬೆಳಿಗ್ಗೆ ಬಾಟಲಿಯಿಂದ ಇಳಿಯುವುದಿಲ್ಲ. ಹೋದ ಚಳಿಗಾಲದಲ್ಲಿ ತಂಗಿಯ ಮಗಳು ಬಾಟಲಿಯನ್ನು ತಲೆಕೆಳಗೆ ಹಿಡಿದು ಕೇಳಿದಳು: "ದೊಡ್ಡಮ್ಮ, ಎಣ್ಣೆಗೆ ಒಳಗೆ ಏನಾಯ್ತು?" ಅವಳ ಪುಸ್ತಕದಲ್ಲಿ ಘನ, ದ್ರವ, ಅನಿಲ ಅಂತ ಮೂರು ಚೌಕಗಳಿದ್ದವು, ಮೂರರಲ್ಲೂ ಚುಕ್ಕಿಗಳು. ಪಾಠ ಅವಳಿಗೆ ಬಾಯಿಗೆ ಬರುತ್ತಿತ್ತು. ಆದರೆ ಆ ಚುಕ್ಕಿಗಳೇ ಕೈಯಲ್ಲಿರುವ ಬಾಟಲಿಯಲ್ಲೂ ಇವೆ ಅಂತ ಹೊಳೆದಿರಲಿಲ್ಲ.

ನಮ್ಮ ಕಡೆ ಕಣ ಅಂದರೆ ಕಾಫಿ ಒಣಗಿಸುವ ಜಾಗ. ಇಲ್ಲಿ ಹೇಳುತ್ತಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ವಿಷಯ. ಅವುಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ಯಾವ ಕಣವೂ ಸುಮ್ನೆ ಕೂತಿರುವುದಿಲ್ಲ. ಕಲ್ಲಿನಲ್ಲಿ ಕೂಡ.

ಬೇಕಾದ್ದು ಇಷ್ಟೇ. ಮೆಡಿಕಲ್ ಶಾಪಿನಲ್ಲಿ ಸಿಗುವ 10 ಎಂಎಲ್ ಸಿರಿಂಜ್ (ಸೂಜಿ ಬೇಡ), ಎರಡು ಗಾಜಿನ ಲೋಟ, ಒಂದಿಷ್ಟು ಇಂಕು, ಕೊಬ್ಬರಿ ಎಣ್ಣೆ, ಐಸ್, ಮೂತಿ ಇರುವ ಕೆಟಲ್. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿಸಿ ನೀರಿನ ಕೆಲಸ ಮಾತ್ರ ದೊಡ್ಡವರೇ ಮಾಡಿ.

ಹಂತ 1: ಸಿರಿಂಜ್ ಒತ್ತಿ ನೋಡಿ

ಸಿರಿಂಜಿನ ದಂಡವನ್ನು 10ರ ಗೆರೆವರೆಗೆ ಎಳೆಯಿರಿ. ಒಳಗೆ ಈಗ ಬರೀ ಗಾಳಿ. ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಇನ್ನೊಂದು ಕೈಯಿಂದ ದಂಡ ಒತ್ತಿ. 8, 7, 6... ಜೋರಾಗಿ ಒತ್ತಿದರೆ ಸುಮಾರು ಅರ್ಧದವರೆಗೂ ಹೋಗುತ್ತದೆ. ಕೈ ಬಿಟ್ಟರೆ ದಂಡ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಮುಚ್ಚಿದ ಬೆರಳಿಗೆ ಒಳಗಿನ ಒತ್ತಡ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಅದೇ ಸಿರಿಂಜಿಗೆ ನೀರು ತುಂಬಿ. ಗುಳ್ಳೆ ಒಂದೂ ಇರಬಾರದು. ತುದಿ ಮೇಲೆ ಮಾಡಿ ಬೆರಳಿನಿಂದ ತಟ್ಟಿದರೆ ಗುಳ್ಳೆ ಮೇಲೆ ಬರುತ್ತದೆ, ಅದನ್ನು ಹೊರಗೆ ಬಿಡಿ. ತುದಿ ಮುಚ್ಚಿ ಒತ್ತಿ. ಎಷ್ಟು ಒತ್ತಿದರೂ ದಂಡ ಜಗ್ಗುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ. ಗಾಳಿಯ ಕಣಗಳ ನಡುವೆ ಬೇಕಾದಷ್ಟು ಜಾಗವಿದೆ, ಅದಕ್ಕೇ ಅವನ್ನು ಹತ್ತಿರ ತರಬಹುದು. ನೀರಿನ ಕಣಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಎಷ್ಟೋ ಚಿತ್ರಗಳಲ್ಲಿ ದ್ರವದ ಚುಕ್ಕಿಗಳನ್ನು ದೂರ ದೂರ ಬಿಡಿಸಿರುತ್ತಾರೆ. ಅದು ತಪ್ಪು. ದ್ರವದ ಕಣಗಳು ಘನದಲ್ಲಿರುವಷ್ಟೇ ಒತ್ತೊತ್ತಾಗಿರುತ್ತವೆ, ಹೆಚ್ಚುಕಮ್ಮಿ. ವ್ಯತ್ಯಾಸ ಏನು ಅಂದರೆ, ಘನದ ಕಣ ತನ್ನ ಜಾಗ ಬಿಡದೆ ಅಲ್ಲೇ ಅಲುಗುತ್ತದೆ. ದ್ರವದ ಕಣ ಪಕ್ಕದವರನ್ನು ಸವರಿಕೊಂಡು ಜಾಗ ಬದಲಾಯಿಸುತ್ತಲೇ ಇರುತ್ತದೆ.

"ಗಾಳಿ ಕಣಗಳ ಮಧ್ಯೆ ಏನಿದೆ?" ಅಂತ ಮಕ್ಕಳನ್ನು ಕೇಳಿ. "ಗಾಳಿ" ಅನ್ನುತ್ತಾರೆ. ಅಲ್ಲಿ ಏನೂ ಇಲ್ಲ, ಖಾಲಿ. ಗಾಳಿ ಅಂದರೆ ಆ ಕಣಗಳೇ ಅಲ್ವಾ? ಇದೊಂದು ಅರ್ಥವಾದರೆ ಅರ್ಧ ಪಾಠ ಮುಗಿದ ಹಾಗೆ.

ಹಂತ 2: ಎಣ್ಣೆ ಮುಳುಗುತ್ತದೆ, ಐಸ್ ತೇಲುತ್ತದೆ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕಿಂತ ತಣ್ಣಗಾದರೆ ಕಣಗಳ ಓಡಾಟ ತಗ್ಗಿ, ಅವುಗಳ ನಡುವಿನ ಸೆಳೆತ ಗೆಲ್ಲುತ್ತದೆ. ಗಟ್ಟಿಯಾದ ಎಣ್ಣೆಯ ಒಂದು ಚೂರನ್ನು ತಿಳಿ ಎಣ್ಣೆಗೆ ಹಾಕಿ. ಅದು ತಳಕ್ಕೆ ಇಳಿಯುತ್ತದೆ. ಗಟ್ಟಿಯಾಗುವಾಗ ಕಣಗಳು ಇನ್ನಷ್ಟು ಒತ್ತಾಗಿ ಕೂತಿವೆ ಅಂತ ಅರ್ಥ. ಬಾಟಲಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆಯ ನಡುವೆ ಗುಳಿ ಬೀಳುವುದೂ ಇದಕ್ಕೇ.

ನೀರಿನ ಲೋಟಕ್ಕೆ ಐಸ್ ಹಾಕಿದರೆ ಮಾತ್ರ ತೇಲುತ್ತದೆ. ನೀರಿನ ಕಣಗಳು ಐಸ್ ಆಗುವಾಗ ನಡುವೆ ಜಾಗ ಬಿಟ್ಟು ಜೋಡಿಸಿಕೊಳ್ಳುತ್ತವೆ. ಹಾಗಾಗಿ ಐಸ್ ಸುಮಾರು 9 ಶೇಕಡಾ ಜಾಸ್ತಿ ಜಾಗ ಬೇಡುತ್ತದೆ. ಫ್ರೀಜರಿನಲ್ಲಿ ತುಂಬಿದ ಬಾಟಲಿ ಉಬ್ಬುವುದನ್ನು ನೀವೂ ನೋಡಿರುತ್ತೀರಿ. ನೀರು ಹೀಗೆ ಉಳಿದವರ ದಾರಿ ಬಿಟ್ಟು ನಡೆಯುತ್ತದೆ. ನನಗಂತೂ ಪ್ರತಿ ಸಲವೂ ಇದು ಬೆರಗು.

ಹಂತ 3: ಇಂಕಿನ ಹನಿ

ಒಂದು ಲೋಟದಲ್ಲಿ ಫ್ರಿಜ್ಜಿನ ನೀರು, ಇನ್ನೊಂದರಲ್ಲಿ ಸ್ನಾನಕ್ಕೆ ಬಳಸುವಷ್ಟು ಬಿಸಿ ನೀರು ಹಾಕಿ. ಕುದಿಯುವ ನೀರು ಬೇಡ. ನಾನು ಒಮ್ಮೆ ದಪ್ಪ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದಿದ್ದೆ, ಟಪ್ಪೆಂದು ಸೀಳಿತು. ಒಳಮೈಯ ಕಣಗಳು ಬಿಸಿಗೆ ಜೋರಾಗಿ ಅಲುಗಿ ಹೆಚ್ಚು ಜಾಗ ಕೇಳಿದವು, ಹೊರಮೈ ಇನ್ನೂ ತಣ್ಣಗೇ ಇತ್ತು. ಆ ಎಳೆದಾಟ ಗಾಜು ತಡೆಯಲಿಲ್ಲ.

ಎರಡೂ ಲೋಟಗಳನ್ನು ಅಲುಗಿಸದೆ ಐದು ನಿಮಿಷ ಬಿಡಿ. ಆಮೇಲೆ ಒಂದೊಂದು ಹನಿ ಇಂಕು ಬಿಡಿ. ಬಿಸಿ ನೀರಿನಲ್ಲಿ ಬಣ್ಣ ಬೇಗ ಹರಡುತ್ತದೆ. ತಣ್ಣೀರಿನಲ್ಲಿ ಎಳೆ ಎಳೆಯಾಗಿ ಇಳಿದು ತಳದಲ್ಲಿ ತಂಗುತ್ತದೆ. ಬಿಸಿಯಾದಷ್ಟೂ ಕಣಗಳ ಓಟ ಜಾಸ್ತಿ. ಬಿಸಿ ನೀರು ತಾನೇ ಒಳಗೆ ಸುತ್ತುವುದೂ ಇದಕ್ಕೆ ಸ್ವಲ್ಪ ಸೇರುತ್ತದೆ.

1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ನೀರಿನಲ್ಲಿ ಪರಾಗದೊಳಗಿಂದ ಹೊರಬಂದ ಸಣ್ಣ ಕಾಳುಗಳು ನಿಲ್ಲದೆ ನಡುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಜೀವ ಇರುವುದಕ್ಕೋ ಏನೋ ಅಂತ ಕಲ್ಲಿನ ಪುಡಿಯನ್ನೂ ಹಾಕಿ ನೋಡಿದರು, ಅದೂ ನಡುಗಿತು. ನೀರಿನ ಕಣಗಳು ಸುತ್ತಲಿಂದ ಗುದ್ದುವುದರಿಂದ ಹೀಗಾಗುತ್ತದೆ ಅಂತ 1905ರಲ್ಲಿ ಐನ್‌ಸ್ಟೀನ್ ಲೆಕ್ಕ ಕೊಟ್ಟರು. ಶಾಲೆಯಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಇದ್ದರೆ ನೀರು ಬೆರೆಸಿದ ಹಾಲಿನ ಹನಿ ಇಟ್ಟು ನೋಡಿ. ಕೊಬ್ಬಿನ ಸಣ್ಣ ಸಣ್ಣ ಹನಿಗಳು ಹಾಗೆಯೇ ನಡುಗುತ್ತವೆ.

ಹಂತ 4: ಕೆಟಲಿನ ಮೂತಿಯ ಹತ್ತಿರ

ನೀರು ಚೆನ್ನಾಗಿ ಕುದಿಯಲಿ. ದೂರ ನಿಂತು ಮೂತಿಯನ್ನೇ ನೋಡಿ. ಬಿಳಿ ಹೊಗೆಯಂಥದ್ದು ಮೂತಿಗೆ ಅಂಟಿಕೊಂಡೇ ಶುರುವಾಗುವುದಿಲ್ಲ. ನಡುವೆ ಒಂದು ಬೆರಳಿನಷ್ಟು ಏನೂ ಕಾಣದ ಜಾಗ ಇರುತ್ತದೆ. ಅಲ್ಲಿರುವುದೇ ನಿಜವಾದ ಆವಿ, ಅಂದರೆ ಅನಿಲ. ಅದು ಕಣ್ಣಿಗೆ ಕಾಣುವುದಿಲ್ಲ. ಕೈ ಇಡಬೇಡಿ, ಸುಡುತ್ತದೆ. ಮುಂದೆ ಕಾಣುವ ಬಿಳಿ, ಆವಿ ತಣ್ಣಗಾಗಿ ಮತ್ತೆ ಹನಿಯಾದ ನೀರು.

ಒಂದು ಚಮಚ ನೀರು ಪೂರ್ತಿ ಆವಿಯಾದರೆ ಸುಮಾರು 1,700 ಚಮಚದಷ್ಟು ಜಾಗ ತುಂಬುತ್ತದೆ. ಕಣಗಳು ಹಿಗ್ಗಿದವು ಅಂತ ತಿಳಿಯಬೇಡಿ. ಕಣದ ಗಾತ್ರ ಅಷ್ಟೇ ಇರುತ್ತದೆ, ಅವುಗಳ ನಡುವಿನ ದೂರ ಹೆಚ್ಚುತ್ತದೆ.

ಆವಿಯಾಗಿ ಹೊರಬರಲು ಕಣಗಳು ಮೇಲಿನ ಗಾಳಿಯ ಒತ್ತಡವನ್ನು ಎದುರಿಸಬೇಕು. 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಗಾಳಿಯ ಒತ್ತಡ ಕಮ್ಮಿ. ಹಾಗಾಗಿ ಅಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, ಸುಮಾರು 94ಕ್ಕೇ ಕುದಿಯುತ್ತದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊತ್ತು ಹಿಡಿಯುತ್ತದೆ.

ಇಷ್ಟಾದ ಮೇಲೆ ಮಕ್ಕಳ ಜೊತೆ ಒಂದು ಬೆಳಿಗ್ಗೆ ಗಿರಿ ಹತ್ತಿ. ರಸ್ತೆ ಮುಚ್ಚುವ ಮಂಜನ್ನು ತೋರಿಸಿ, ಇದು ಘನವೋ, ದ್ರವವೋ, ಅನಿಲವೋ ಅಂತ ಕೇಳಿ. ನಮ್ಮ ಹುಡುಗಿ ಸ್ವೆಟರ್ ತೋಳಿನ ಮೇಲೆ ಕೂತಿದ್ದ ಸಣ್ಣ ಹನಿಗಳನ್ನು ಬೆರಳಲ್ಲಿ ಒರೆಸಿ ಹೇಳಿದಳು: "ಕೆಟಲಿನ ಬಿಳಿ, ದೊಡ್ಡಮ್ಮ."